ಪಾಠದ ವಿಡಿಯೊ: ಗಾತ್ರ ಇಳಿಯಲಿ, ಗೆರೆ ಅಳಿಯದಿರಲಿ

ಬೋಧನಾಭ್ಯಾಸದಲ್ಲಿ 9ನೇ ತರಗತಿಗೆ ಜೀವಕೋಶದ ಪಾಠ ಮಾಡುವಾಗ, ಸೂಕ್ಷ್ಮದರ್ಶಕದಲ್ಲಿ ಕಾಣುವ ಈರುಳ್ಳಿ ಪೊರೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದೆ. ಮಕ್ಕಳು ಅದನ್ನು ಮನೆಯಲ್ಲಿ ನೋಡಿ, ಕೋಶಭಿತ್ತಿ ಮತ್ತು ಕೋಶಕೇಂದ್ರವನ್ನು ಗುರುತಿಸಿ ಚಿತ್ರ ಬರೆಯಬೇಕು. ಇದು ಕಲಿಕಾ ಫಲ.

8 ನಿಮಿಷದ ವಿಡಿಯೊ ಸೆಕೆಂಡಿಗೆ 17 ಮೆಗಾಬಿಟ್‌ನಂತೆ ದಾಖಲಾದರೆ 17 × 480 ÷ 8 = 1,020 ಎಂಬಿ ಆಗುತ್ತದೆ. ಮನೆಗೆಲ್ಲ ಒಂದೇ ಫೋನಿರುವ ಮಗುವಿಗೆ ಇಷ್ಟು ಡೇಟಾ ಹೊರೆ. 2 ಮೆಗಾಬಿಟ್‌ಗೆ ಇಳಿಸಿದರೆ 120 ಎಂಬಿ ಸಾಕು. ಆದರೆ ಇಳಿಸುವಾಗ ಏನು ಕಳೆದುಹೋಗುತ್ತದೆ ಎಂಬುದೇ ಶಿಕ್ಷಕರ ಪ್ರಶ್ನೆ.

ವಿಡಿಯೊ ಕುಗ್ಗಿಸುವ ತಂತ್ರಾಂಶವು ಒಂದು ಚೌಕಟ್ಟಿನಿಂದ ಮುಂದಿನದಕ್ಕೆ ಬದಲಾಗದ ಭಾಗವನ್ನು ಮತ್ತೆ ಪೂರ್ತಿ ಬರೆಯುವುದಿಲ್ಲ. ಕಣ್ಣು ಅಷ್ಟಾಗಿ ಗಮನಿಸದ ಸಣ್ಣ ವಿವರಗಳನ್ನು ಬಿಡುತ್ತದೆ. ಹೆಚ್ಚು ಕುಗ್ಗಿಸಿದರೆ ತೆಳುವಾದ, ಮಸುಕಾದ ಗೆರೆಗಳು ಬೇಗ ಅಳಿಯುತ್ತವೆ. ನಮ್ಮ ಪಾಠದಲ್ಲಿ ಆ ಗೆರೆಯೇ ಕೋಶಭಿತ್ತಿ!

ನಾನು ಅನುಸರಿಸಿದ ಕ್ರಮ:

1. ಮೂಲ ಕಡತವನ್ನು ಹಾಗೆಯೇ ಉಳಿಸಿಕೊಂಡು, ಪ್ರತಿ ಬಾರಿಯೂ ಅದರಿಂದಲೇ ಪರಿವರ್ತಿಸಿದೆ. ಕುಗ್ಗಿಸಿದ್ದನ್ನೇ ಮತ್ತೆ ಕುಗ್ಗಿಸಿದರೆ ನಷ್ಟ ಕೂಡುತ್ತಾ ಹೋಗುತ್ತದೆ.

2. ಉಚಿತವಾಗಿ ಸಿಗುವ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಎಂಪಿ4 ಕಡತ, ಚಿತ್ರಕ್ಕೆ ಎಚ್.264, ಧ್ವನಿಗೆ ಎಎಸಿ ಆರಿಸಿದೆ. ಸಾಮಾನ್ಯ ಬ್ರೌಸರ್‌ಗಳಲ್ಲಿ ಇದು ಓಡುತ್ತದೆ.

3. ‘ಕಾನ್‌ಸ್ಟಂಟ್ ಕ್ವಾಲಿಟಿ’ ಆರಿಸಿದೆ. ಇಲ್ಲಿ ಆರ್‌ಎಫ್ ಸಂಖ್ಯೆ ಚಿಕ್ಕದಾದಷ್ಟೂ ಚಿತ್ರ ಚೆನ್ನ, ಕಡತ ದೊಡ್ಡದು. 1080ಪಿ ವಿಡಿಯೊಗೆ 20ರಿಂದ 24, 720ಪಿಗೆ 19ರಿಂದ 23 ಸೂಕ್ತವೆಂದು ತಂತ್ರಾಂಶದ ಕೈಪಿಡಿಯೇ ಹೇಳುತ್ತದೆ.

4. ‘ವೆಬ್ ಆಪ್ಟಿಮೈಸ್ಡ್’ ಗುರುತು ಹಾಕಿದೆ. ಇದರಿಂದ ಕಡತದ ಸೂಚಿ ಆರಂಭಕ್ಕೆ ಬರುತ್ತದೆ. ಪೂರ್ತಿ ಇಳಿಯುವ ಮೊದಲೇ ವಿಡಿಯೊ ಶುರುವಾಗುತ್ತದೆ.

ಇಡೀ ವಿಡಿಯೊ ಪರಿವರ್ತಿಸುವ ಮುನ್ನ, ಗೆರೆಗಳು ಅತಿ ತೆಳುವಾಗಿರುವ 30 ಸೆಕೆಂಡಿನ ಭಾಗವನ್ನು 22 ಮತ್ತು 28ರಲ್ಲಿ ಪರಿವರ್ತಿಸಿ, ಚಿಕ್ಕ ಫೋನಿನಲ್ಲಿ ನಿಲ್ಲಿಸಿ ನೋಡಿದೆ. 22ರಲ್ಲಿ ಕೋಶಗಳನ್ನು ಎಣಿಸಬಹುದಿತ್ತು. 28ರಲ್ಲಿ ಅಕ್ಕಪಕ್ಕದ ಕೋಶಗಳು ಒಂದೇ ಆಗಿ ಕಂಡವು. ಅದನ್ನು ನೋಡಿದ ಮಗು ತಪ್ಪು ಚಿತ್ರವನ್ನೇ ಬರೆಯುತ್ತಿತ್ತು.

ಈ ಬಗೆಯ ಪರಿವರ್ತನೆಯಲ್ಲಿ ನಷ್ಟವೇ ಇಲ್ಲವೆನ್ನಲಾಗದು. ಕಲಿಕೆಗೆ ಬೇಡದ್ದು ಹೋಗಲಿ, ಬೇಕಾದದ್ದು ಉಳಿಯಲಿ. ಆದ್ದರಿಂದ ಪಾಠಯೋಜನೆಯ ಬೋಧನೋಪಕರಣ ಅಂಕಣದಲ್ಲಿ ‘ವಿಡಿಯೊ’ ಎಂದಷ್ಟೇ ಬರೆಯದೆ, ‘ಇದರಲ್ಲಿ ಮಗುವಿಗೆ ಕಾಣಲೇಬೇಕಾದ ಅತಿ ಸಣ್ಣ ವಿವರ ಯಾವುದು?’ ಎಂಬುದಕ್ಕೂ ಉತ್ತರ ಬರೆಯೋಣ. ಎಷ್ಟು ಕುಗ್ಗಿಸಬಹುದೆಂಬುದನ್ನು ಆ ಉತ್ತರವೇ ತಿಳಿಸುತ್ತದೆ.