ಹಾರುವ ಮಕ್ಕಳಿಗೆ

ಧರ್ಮಶಾಲಾ ಹತ್ತಿರ ಇಂದ್ರುನಾಗ್ ಅಂತ ಒಂದು ಗುಡ್ಡವಿದೆ. ಪ್ಯಾರಾಗ್ಲೈಡಿಂಗ್‌ಗೆ ಹೆಸರಾದ ಜಾಗ. 2025ರ ಜನವರಿಯಲ್ಲಿ ಅಲ್ಲಿಗೆ ಹೋಗಿದ್ದ ಅಹಮದಾಬಾದಿನ 19 ವರ್ಷದ ಹುಡುಗಿಯೊಬ್ಬಳು ಟೇಕ್‌ಆಫ್ ಆಗುವ ಹೊತ್ತಿಗೇ ಬಿದ್ದು ತೀರಿಕೊಂಡಳು. ಅದೇ ವರ್ಷ ಜುಲೈಯಲ್ಲಿ, ಅದೇ ಆಸುಪಾಸಿನಲ್ಲಿ, ಅಹಮದಾಬಾದಿನವನೇ ಆದ 25 ವರ್ಷದ ಹುಡುಗ. ಅದಕ್ಕೂ ಮುಂಚೆ, 2022ರ ಡಿಸೆಂಬರಿನಲ್ಲಿ, ವಡೋದರಾದಲ್ಲಿ ಪರಿಚಯದವರ ಮನೆಗೆ ಬಂದಿದ್ದ ದಕ್ಷಿಣ ಕೊರಿಯಾದವರೊಬ್ಬರು ಮೆಹಸಾಣಾ ಜಿಲ್ಲೆಯ ಕಡಿ ಹತ್ತಿರ ಹಾರಲು ಹೋಗಿ, ಪ್ಯಾರಾಗ್ಲೈಡರ್ ಸರಿಯಾಗಿ ಬಿಚ್ಚಿಕೊಳ್ಳದೆ ಪ್ರಾಣ ಕಳೆದುಕೊಂಡರು.

ಇಂಥ ಸುದ್ದಿ ಬಂದ ವಾರ ಗುಜರಾತಿನ ನಮ್ಮ ಕನ್ನಡದವರು ಸೇರಿದ ಕಡೆಯೆಲ್ಲ ಎರಡೇ ಮಾತು. "ಬೇಕಿತ್ತಾ ಅವರಿಗೆ ಇದು?" ಅನ್ನುವವರು ಕೆಲವರು. "ಆಯಸ್ಸು ಅಷ್ಟೇ ಇತ್ತು ಬಿಡಿ" ಅನ್ನುವವರು ಉಳಿದವರು. ಮಕ್ಕಳೇ, ನನಗೆ ಈ ಎರಡು ಮಾತಿನ ಮೇಲೂ ತಕರಾರಿದೆ. ಮೊದಲನೆಯದು ಸತ್ತವರ ತಲೆಗೇ ಎಲ್ಲವನ್ನೂ ಕಟ್ಟುತ್ತದೆ. ಎರಡನೆಯದು ಯಾರ ತಲೆಗೂ ಏನನ್ನೂ ಕಟ್ಟುವುದಿಲ್ಲ. ಮೈಗೆ ಕಟ್ಟಿದ ಪಟ್ಟಿ ಬಿಗಿಯಾಗಿತ್ತೇ, ಗಾಳಿ ಹೇಗಿತ್ತು, ಆ ಜಾಗಕ್ಕೆ ಪರವಾನಗಿ ಇತ್ತೇ, ಹಾರಿಸಿದವನಿಗೆ ಲೈಸೆನ್ಸ್ ಇತ್ತೇ ಎಂದು ಕೇಳುವ ಹೊತ್ತಿಗೆ ಕಾಫಿ ಮುಗಿದು ಎಲ್ಲರೂ ಎದ್ದಿರುತ್ತಾರೆ.

ನಾನು ನಿವೃತ್ತಿಯವರೆಗೆ ವಡೋದರಾ ಸುತ್ತಲಿನ ಕೆಮಿಕಲ್ ಕಾರ್ಖಾನೆಗಳಲ್ಲಿ ದುಡಿದವನು. ಅಲ್ಲಿ ಒಂದು ಪುಸ್ತಕ ಇಡುತ್ತಿದ್ದರು. ಅಪಘಾತ ಆದರೆ ಬರೆಯುವುದಕ್ಕಲ್ಲ, ಆಗಬೇಕಾಗಿದ್ದು ಕೂದಲೆಳೆಯಲ್ಲಿ ತಪ್ಪಿದರೆ ಬರೆಯುವುದಕ್ಕೆ. ಮೇಲಿನಿಂದ ಸ್ಪ್ಯಾನರ್ ಬಿತ್ತು, ಯಾರಿಗೂ ತಾಗಲಿಲ್ಲ: ಬರೆ. ವಾಲ್ವ್ ತಪ್ಪಾಗಿ ತೆರೆದೆ, ತಕ್ಷಣ ಮುಚ್ಚಿದೆ: ಬರೆ. ಹಾಗೆ ಬರೆದವನನ್ನು ಗದರಿಸಿದರೆ ಮರುದಿನದಿಂದ ಪುಸ್ತಕ ಖಾಲಿ ಉಳಿಯುತ್ತದೆ, ಆಸ್ಪತ್ರೆ ತುಂಬುತ್ತದೆ. ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಜಿಗಿಯುವ ಸ್ಕೈಡೈವರ್‌ಗಳ ಬಗ್ಗೆ ಓದತೊಡಗಿದಾಗ ನನಗೆ ಮೆಚ್ಚುಗೆಯಾದದ್ದು ಇದೇ ಗುಣ. ಅವರೂ ಬರೆಯುತ್ತಾರೆ. ಯಾರು ಸತ್ತರು ಎನ್ನುವುದಕ್ಕಿಂತ, ಎಷ್ಟು ಎತ್ತರದಲ್ಲಿ ಏನು ಮಾಡಿದರು, ಯಾವ ಹಿಡಿಕೆಯನ್ನು ತಡವಾಗಿ ಎಳೆದರು ಎಂದು ಗೆಳೆಯನ ಸಾವನ್ನೂ ಬಿಡಿಸಿ ಹರಡಿಟ್ಟು ನೋಡುತ್ತಾರೆ. ಹೊರಗಿನವರಿಗೆ ಕಲ್ಲುಮನಸ್ಸು ಅನ್ನಿಸಬಹುದು. ಆದರೆ ಅದರ ಫಲ ಲೆಕ್ಕದಲ್ಲಿ ಕಾಣುತ್ತದೆ. ಅಮೆರಿಕದಲ್ಲಿ 1970ರ ದಶಕದಲ್ಲಿ ವರ್ಷಕ್ಕೆ ಸರಾಸರಿ 40ಕ್ಕೂ ಹೆಚ್ಚು ಜನ ಜಿಗಿತದಲ್ಲಿ ಸಾಯುತ್ತಿದ್ದರು. 2023ರಲ್ಲಿ ಸುಮಾರು 36 ಲಕ್ಷ ಜಿಗಿತಗಳಾದವು, ಸತ್ತವರು 10 ಮಂದಿ.

ಇದು ತಾನಾಗಿ ಇಳಿದ ಸಂಖ್ಯೆಯಲ್ಲ. ಬೆನ್ನಿನ ಮೇಲೆ ಎರಡು ಪ್ಯಾರಾಚೂಟ್, ಒಂದು ಕೆಟ್ಟರೆ ಇನ್ನೊಂದು. ಆ ಎರಡನೆಯದನ್ನು ಈ ಕೆಲಸಕ್ಕೇ ಲೈಸೆನ್ಸ್ ಪಡೆದ ರಿಗ್ಗರ್ ಮಾತ್ರ ಮಡಿಸಬೇಕು. ಅಮೆರಿಕದಲ್ಲಿ 180 ದಿನಕ್ಕೊಮ್ಮೆ, ಬಳಸಿರಲಿ ಬಿಡಲಿ, ಅದನ್ನು ಬಿಚ್ಚಿ ಪರೀಕ್ಷಿಸಿ ಮತ್ತೆ ಮಡಿಸಲೇಬೇಕು. ಜಿಗಿದವನಿಗೆ ಪ್ರಜ್ಞೆ ತಪ್ಪಿದರೆ ತಾನಾಗಿ ಅದನ್ನು ಬಿಚ್ಚುವ ಸಣ್ಣ ಯಂತ್ರವೊಂದು ಒಳಗಿರುತ್ತದೆ. ವಿಮಾನ ಹತ್ತುವ ಮೊದಲು ಒಬ್ಬರ ಬೆನ್ನನ್ನು ಇನ್ನೊಬ್ಬರು ನೋಡುತ್ತಾರೆ: ಎದೆಯ ಪಟ್ಟಿ, ಎಡಗಾಲಿನ ಪಟ್ಟಿ, ಬಲಗಾಲಿನ ಪಟ್ಟಿ, ಹಿಂದಿನ ಪಿನ್. ಸಾವಿರ ಸಲ ಹಾರಿದವನೂ ನಿನ್ನೆ ಬಂದವನ ಮುಂದೆ ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಅದರಲ್ಲಿ ಮಾನ ಹೋಗುವಂಥದ್ದೇನೂ ಇಲ್ಲ.

ಇನ್ನೊಂದು ಸಂಗತಿ ನಿಮಗೆ ಇಷ್ಟವಾಗಲಿಕ್ಕಿಲ್ಲ. ಅಮೆರಿಕದಲ್ಲಿ ಜಿಗಿತದ ಮೊದಲ ಹಂತದ ಲೈಸೆನ್ಸ್ ಸಿಗಬೇಕಾದರೇ 25 ಜಿಗಿತ ಆಗಿರಬೇಕು. ಹೆಲ್ಮೆಟ್ ಮೇಲೆ ಕ್ಯಾಮೆರಾ ಕಟ್ಟಿಕೊಳ್ಳುವುದಕ್ಕೆ? 200 ಜಿಗಿತದವರೆಗೆ ಕಾಯಿರಿ ಎನ್ನುತ್ತಾರೆ. ಅಂಗೈಯಗಲದ ಕ್ಯಾಮೆರಾ ಏನು ಮಾಡೀತು ಅನ್ನಬೇಡಿ. ಹಗ್ಗ ಅದಕ್ಕೆ ಸಿಕ್ಕಿಕೊಳ್ಳಬಹುದು. ಅದಕ್ಕಿಂತ ಹೆಚ್ಚಾಗಿ, ಗಮನ ಎತ್ತರ ತೋರಿಸುವ ಮೀಟರಿನ ಮೇಲಿರಬೇಕಾದ ಹೊತ್ತಿನಲ್ಲಿ ಮುಖ ಚೆನ್ನಾಗಿ ಬರುತ್ತಿದೆಯೇ ಎಂಬ ಕಡೆಗೆ ಹೋಗುತ್ತದೆ. ಪ್ಯಾರಾಚೂಟ್ ಸರಿಯಾಗಿಯೇ ಬಿಚ್ಚಿಕೊಂಡಿದ್ದರೂ, ನೆಲ ಹತ್ತಿರವಾದಾಗ ಜೋರಾಗಿ ತಿರುಗಿಸಲು ಹೋಗಿ ಸತ್ತವರು ಬಹಳ. ಅವರಲ್ಲಿ ಹೊಸಬರಿಗಿಂತ ಪಳಗಿದವರೇ ಹೆಚ್ಚು. ಭಯ ಹೋದ ಮೇಲೆ ಬರುವ ಅಪಾಯ ಅದು.

ನಾನು ಹಾರಬೇಡಿ ಎನ್ನುವ ಪೈಕಿಯವನಲ್ಲ. ರೇಚಲ್ ಥಾಮಸ್ 1979ರಲ್ಲಿ ಆಗ್ರಾದಲ್ಲಿ ಮೊದಲ ಸಲ ಜಿಗಿದಾಗ ಎರಡು ಮಕ್ಕಳ ತಾಯಿ. ಮುಂದೆ ಉತ್ತರ ಧ್ರುವದ ಮೇಲೂ ಜಿಗಿದರು, ಪದ್ಮಶ್ರೀ ಪಡೆದರು. ನಮ್ಮ ವಡೋದರಾದವರೇ ಆದ ಶ್ವೇತಾ ಪರಮಾರ್ ಸ್ಪೇನಿಗೆ ಹೋಗಿ ಕ್ರಮವಾಗಿ ಕಲಿತು ಲೈಸೆನ್ಸ್ ತಂದರು. ಹೆಣ್ಣುಮಗಳು ಅಂದಾಗ "ಮದುವೆಯಾಗಬೇಕಾದವಳು, ಕೈಕಾಲು ಮುರಿದುಕೊಂಡರೆ?" ಅನ್ನುವ ಬಾಯಿಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಗಂಡುಹುಡುಗ ರಿಂಗ್ ರೋಡಿನಲ್ಲಿ ಹೆಲ್ಮೆಟ್ ಇಲ್ಲದೆ ನೂರರಲ್ಲಿ ಹೋದರೆ ಅದೇ ಬಾಯಿಗಳು "ವಯಸ್ಸು ಹಾಗೇ" ಅಂತ ನಗುತ್ತವೆ. ಇದು ನನಗೆ ನಾಚಿಕೆಯ ವಿಷಯ. ಕಲಿತು ಜಿಗಿಯುವ ಹುಡುಗಿಗೆ ಕೊಡದ ಮಾಫಿಯನ್ನು ಕಲಿಯದೆ ಓಡಿಸುವ ಹುಡುಗನಿಗೆ ಕೊಡುವುದು ಯಾವ ನ್ಯಾಯ?

ಆದರೆ ಕಲಿತು ಹಾರುವುದು ಬೇರೆ, ದುಡ್ಡು ಕೊಟ್ಟು ಒಬ್ಬರ ಎದೆಗೆ ಕಟ್ಟಿಸಿಕೊಂಡು ಹಾರುವುದು ಬೇರೆ. ನೀವು ಮಾಡುವುದು ಹೆಚ್ಚಾಗಿ ಎರಡನೆಯದು. ಮನಾಲಿ, ಬೀರ್, ಧರ್ಮಶಾಲಾ ಕಡೆ ಪ್ಯಾಕೇಜ್ ಟೂರ್ ಹೋದಾಗ, ಇಲ್ಲವೇ ಸ್ಕೈಡೈವಿಂಗ್‌ಗೆಂದು ಹರಿಯಾಣದ ನಾರ್ನೌಲ್‌ಗೆ ಹೋದಾಗ. ಮೈಸೂರಿನ ಮಂಡಕಳ್ಳಿಯಲ್ಲೂ ಹಿಂದೆ ಸ್ಕೈಡೈವಿಂಗ್ ನಡೆದದ್ದುಂಟು. ಇಂಥ ಹಾರಾಟದಲ್ಲಿ ನಿಮ್ಮ ಜೀವ ಇನ್ನೊಬ್ಬರ ಕೈಯಲ್ಲಿ. ಅದಕ್ಕೇ ನಿಮ್ಮ ಕೆಲಸ ಧೈರ್ಯ ತೋರಿಸುವುದಲ್ಲ, ಕೇಳುವುದು. ಲೈಸೆನ್ಸ್ ತೋರಿಸಿ ಅನ್ನಿ. ಇವತ್ತಿನ ಗಾಳಿಗೆ ಹಾರಬಹುದು ಅಂತ ಹೇಳಿದವರು ಯಾರು ಅಂತ ಕೇಳಿ. ಕಾಲಿನ ಎರಡು ಪಟ್ಟಿಗಳನ್ನು ನೀವೇ ಕೈ ಹಾಕಿ ಎಳೆದು ನೋಡಿ. ಪ್ಯಾರಾಗ್ಲೈಡಿಂಗ್‌ನಲ್ಲಿ ಎದೆಯ ಕೊಂಡಿ ಹಾಕಿ ಕಾಲಿನದನ್ನು ಮರೆತರೆ ನೆಲದ ಮೇಲೆ ನಿಂತಿರುವಾಗ ಏನೂ ಗೊತ್ತಾಗುವುದಿಲ್ಲ. ಮೈ ಮೇಲಕ್ಕೆದ್ದ ಮೇಲೆ ಸೀಟಿನಿಂದ ಜಾರುತ್ತದೆ. ಓಡು ಅಂದಾಗ ಕಾಲು ನೆಲ ಬಿಡುವ ತನಕ ಓಡಿ. ಅರ್ಧಕ್ಕೇ ಕೂತರೆ ಇಬ್ಬರ ಭಾರವೂ ಇಳಿಜಾರಿನಲ್ಲಿ ಉರುಳುತ್ತದೆ. ಕೇಳಿದ್ದಕ್ಕೆ ಸಿಡುಕಿದರೆ, "ಹಿಂದೆ ಲೈನ್ ಇದೆ, ಬೇಗ" ಅಂದರೆ, ಕೊಟ್ಟ ದುಡ್ಡು ಅಲ್ಲೇ ಬಿಟ್ಟು ಇಳಿದು ಬನ್ನಿ. ಎರಡು ಮೂರು ಸಾವಿರಕ್ಕೆ ನಮ್ಮ ಅಹಮದಾಬಾದಿನ ಮಕ್ಕಳು ಚೌಕಾಸಿ ಮಾಡುವ ಹಟವನ್ನು ಅರ್ಧದಷ್ಟಾದರೂ ಇಲ್ಲಿ ತೋರಿಸಿದರೆ ಸಾಕು.

ಸಹಿ ಹಾಕಿಸಿಕೊಳ್ಳುವ ಕಾಗದ ಓದಿ. "ಏನಾದರೂ ಆದರೆ ನಾವು ಜವಾಬ್ದಾರರಲ್ಲ" ಎಂದು ಬರೆಸಿಕೊಂಡ ಮಾತ್ರಕ್ಕೆ ನಡೆಸುವವರ ನಿರ್ಲಕ್ಷ್ಯಕ್ಕೆ ಕಾನೂನಿನಲ್ಲಿ ಮಾಫಿ ಸಿಗುವುದಿಲ್ಲ. ಆದರೆ ನಿರ್ಲಕ್ಷ್ಯ ಇಲ್ಲದೆಯೂ ಪೆಟ್ಟಾಗಬಹುದು ಅನ್ನುವುದನ್ನು ನೀವು ಒಪ್ಪಿಕೊಂಡಂತೆ. ನಿಮ್ಮ ವಿಮೆಯ ಕಾಗದದಲ್ಲಿ ಸಾಹಸ ಕ್ರೀಡೆಯ ಬಗ್ಗೆ ಏನು ಬರೆದಿದೆ ಅದನ್ನೂ ನೋಡಿ. ಮನೆಯಲ್ಲಿ ಹೇಳಿ ಹೋಗಿ. ಅಮ್ಮ ಬೇಡ ಅನ್ನುತ್ತಾಳೆ ಅಂತ ಗೊತ್ತು. ಆದರೂ ಟಿವಿಯಲ್ಲಿ ಮಗನ ಹೆಸರು ಬಂದ ಮೇಲೆ ಅವನು ಹಿಮಾಚಲದಲ್ಲಿದ್ದ ಎಂದು ಗೊತ್ತಾಗುವ ಸ್ಥಿತಿ ಯಾವ ತಾಯಿಗೂ ಬರಬಾರದು.

ಈಗ ನಿಜವಾಗಿ ಹೇಳಬೇಕೆಂದು ಕೂತ ಮಾತಿಗೆ ಬರುತ್ತೇನೆ. "ನನ್ನ ಜೀವ, ನನ್ನ ರಿಸ್ಕ್" ಅಂತ ನೀವು ಹೇಳುತ್ತೀರಿ. ಜಿಗಿಯುವವರ ಮಧ್ಯೆಯೂ ಆ ಮಾತಿದೆ, ಆದರೆ ಅಲ್ಲಿನ ಹಿರಿಯರು ಅದನ್ನು ಪೂರ್ತಿ ಒಪ್ಪುವುದಿಲ್ಲ. ಕೆಳಗೆ ಇಳಿಯುವ ಹೊತ್ತಿಗೆ ಆಕಾಶದಲ್ಲಿ ಒಬ್ಬನೇ ಇರುವುದಿಲ್ಲ. ನೀನು ಮಜಾಕ್ಕೆ ತಿರುಗಿಸಿದ ಪ್ಯಾರಾಚೂಟ್ ಪಕ್ಕದವನ ಹಗ್ಗಕ್ಕೆ ಸುತ್ತಿಕೊಂಡರೆ ಸಾಯುವವರು ಇಬ್ಬರು. ಹಾಗಾಗಿ ಹುಚ್ಚಾಟ ಆಡುವವನನ್ನು ವಿಮಾನ ಹತ್ತಲು ಬಿಡುವುದಿಲ್ಲ. ಗೆಳೆತನ ಕೆಟ್ಟರೂ ಸರಿ.

ಅಹಮದಾಬಾದ್, ವಡೋದರಾ, ಸೂರತ್, ನಮ್ಮ ಈ ಮೂರು ಊರಿನಲ್ಲಿ ಇದನ್ನು ತಿಳಿಯಲು ವಿಮಾನ ಹತ್ತಬೇಕಾಗಿಲ್ಲ, ಗಾಳಿಪಟದ ಹಬ್ಬವಾದ ಉತ್ತರಾಯಣಕ್ಕೆ ಮಾಳಿಗೆ ಹತ್ತಿದರೆ ಸಾಕು. ಜನವರಿ 14, ಮರುದಿನ ವಾಸಿ ಉತ್ತರಾಯಣ. ಅಹಮದಾಬಾದಿನ ಪೋಳ್‌ಗಳಲ್ಲಿ, ಅಂದರೆ ಹಳೆಯ ಓಣಿಗಳಲ್ಲಿ, ಮಾಳಿಗೆಯನ್ನೇ ಬಾಡಿಗೆಗೆ ಕೊಡುತ್ತಾರೆ. ಉಂಧಿಯು, ಜಿಲೇಬಿ, ಸ್ಪೀಕರ್, ಪಟ ಕತ್ತರಿಸಿದಾಗಲೆಲ್ಲ ಸುತ್ತಲೂ "ಕಾಯ್ಪೋ ಛೇ" ಕೂಗು. ಆ ಗಲಾಟೆ ನನಗೂ ಇಷ್ಟ. ಅರ್ಧ ಮೊಳ ಎತ್ತರದ ಕಟ್ಟೆಗೆ ಬೆನ್ನು ಮಾಡಿ, ಕಣ್ಣು ಆಕಾಶದಲ್ಲಿಟ್ಟು ಹಿಂದೆ ಹಿಂದೆ ಹೆಜ್ಜೆ ಇಡುವ ಹುಡುಗನ ಅಪಾಯ ಅವನದು ಅಂತ ಬೇಕಾದರೆ ಅನ್ನಿ. ಆದರೆ ಅವನ ಕೈಯಿಂದ ಹರಿದು ಹೋದ ದಾರ? ಗಾಜಿನ ಪುಡಿ ಸವರಿದ ಮಾಂಜಾ, ಅದಕ್ಕಿಂತ ಕೆಟ್ಟದ್ದು ತುಂಡಾಗದ ನೈಲಾನ್ ಮಾಂಜಾ, ರಸ್ತೆಗೆ ಅಡ್ಡ ಬಿದ್ದು ಸ್ಕೂಟರಿನಲ್ಲಿ ಬರುವವರ ಕುತ್ತಿಗೆಯ ಎತ್ತರಕ್ಕೆ ನಿಲ್ಲುತ್ತದೆ. ಅದಕ್ಕೇ ಸೂರತ್‌ನಲ್ಲಿ ಹಬ್ಬದ ದಿನ ಫ್ಲೈಓವರ್ ಮೇಲೆ ದ್ವಿಚಕ್ರ ವಾಹನ ಬಿಡುವುದಿಲ್ಲ. ಹಬ್ಬ ಹತ್ತಿರವಾದಂತೆ ಹ್ಯಾಂಡಲ್‌ಗೆ ಕಮಾನಿನ ಹಾಗೆ ಕಂಬಿ ಕಟ್ಟಿಕೊಂಡ ಬೈಕುಗಳನ್ನು ನೀವೇ ನೋಡಿದ್ದೀರಿ. ಈ ದಾರಕ್ಕೆ ಸಿಕ್ಕಿ ಗಾಯಗೊಂಡ ಹಕ್ಕಿಗಳಿಗೆಂದೇ ಗುಜರಾತ್ ಸರ್ಕಾರ ಪ್ರತಿ ವರ್ಷ ಕರುಣಾ ಅಭಿಯಾನ ನಡೆಸಬೇಕಾಗಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನೈಲಾನ್ ಮಾಂಜಾ ನಿಷೇಧಿಸಿತು. ಆದರೂ ಕದ್ದು ಮಾರುತ್ತಾರೆ, ಕೊಳ್ಳುವವರೂ ಇದ್ದಾರೆ.

ಸ್ಕೈಡೈವರ್ ತನ್ನ ಕುತ್ತಿಗೆಯನ್ನು ಪಣಕ್ಕಿಡುತ್ತಾನೆ. ನೈಲಾನ್ ಮಾಂಜಾ ಕೊಳ್ಳುವವನು ಇಡುವುದು ಹೆಸರೂ ಗೊತ್ತಿಲ್ಲದವರ ಕುತ್ತಿಗೆಯನ್ನು. ಇಬ್ಬರಲ್ಲಿ ಯಾರನ್ನು ನಾವು ಹುಚ್ಚ ಅನ್ನುತ್ತೇವೆ, ಯಾರ ಜತೆ ಕೂತು ಜಿಲೇಬಿ ತಿನ್ನುತ್ತೇವೆ, ಸ್ವಲ್ಪ ಯೋಚಿಸಿ.

ಕೇಳದೆಯೇ ಅಪಾಯವನ್ನು ತಲೆಗೆ ಕಟ್ಟಿಸಿಕೊಂಡವರೂ ಇದ್ದಾರೆ. 2019ರ ಜುಲೈಯಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ತೂಗುವ ಆಟದ ಯಂತ್ರ ಮುರಿದು ಇಬ್ಬರು ಸತ್ತರು. 2024ರ ಜನವರಿ 18ರಂದು ವಡೋದರಾದ ಹರ್ಣಿ ಕೆರೆಯಲ್ಲಿ ದೋಣಿ ಮಗುಚಿ ಶಾಲೆಯ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಹೋದರು. ದೋಣಿಯಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನ, ಎಲ್ಲರಿಗೂ ಲೈಫ್ ಜಾಕೆಟ್ ಇರಲಿಲ್ಲ. ಆ ಮಕ್ಕಳು ಯಾವ ಸಾಹಸಕ್ಕೂ ಹೊರಟವರಲ್ಲ. ಜಾಕೆಟ್ ಎಲ್ಲಿ ಅಂತ ಕೇಳುವ ವಯಸ್ಸು ಅವರದಲ್ಲ, ನಿಮ್ಮದು. ನಾಳೆ ನಮ್ಮ ಕನ್ನಡ ಸಂಘದ ಪಿಕ್ನಿಕ್ಕಿಗೆ ಚಿಕ್ಕಮಕ್ಕಳನ್ನು ಕರೆದುಕೊಂಡು ಹೋಗುವವರು ನೀವೇ. ಆಗ ದೋಣಿಯವನ ಮುಂದೆ ಸಂಕೋಚ ಪಡಬೇಡಿ.

ಎಲ್ಲ ನೋಡಿಕೊಂಡರೆ ಏನೂ ಆಗುವುದಿಲ್ಲ ಎಂಬ ಭರವಸೆ ನಾನು ಕೊಡಲಾರೆ. 2025ರ ಫೆಬ್ರುವರಿಯಲ್ಲಿ ಆಗ್ರಾದಲ್ಲಿ ಪ್ಯಾರಾಚೂಟ್ ತೆರೆದುಕೊಳ್ಳದೆ ತೀರಿಕೊಂಡವರು ನಮ್ಮ ಹೊಸನಗರ ತಾಲ್ಲೂಕಿನವರು, ವಾಯುಪಡೆಯವರು, ಆ ವಿದ್ಯೆಯಲ್ಲಿ ನುರಿತವರು. ಎರಡು ತಿಂಗಳಿಗೆ ಆಗ್ರಾದಲ್ಲೇ ವಾಯುಪಡೆಯ ಆಕಾಶ ಗಂಗಾ ತಂಡದ ತರಬೇತುದಾರರೊಬ್ಬರು ಹೋದರು. ಅವರನ್ನು ಅಜಾಗರೂಕರು ಅನ್ನುವ ನಾಲಿಗೆ ನನಗಿಲ್ಲ. ಕಲಿತವರಿಗೂ ಹೀಗಾಗುತ್ತದೆ ಅಂದಮೇಲೆ ಕಲಿಯದೆ ಹೋಗುವುದಕ್ಕೆ ಏನೂ ನೆಪ ಉಳಿಯುವುದಿಲ್ಲ.

ಹೋಗಿ ಬನ್ನಿ. ಬಂದ ಮೇಲೆ ನಗುಮುಖದ ಫೋಟೋ ಹಾಕುವಾಗ ಜತೆಗೆ ಇನ್ನೆರಡು ಸಾಲು ಬರೆಯಿರಿ: ಎಲ್ಲಿ ಪಟ್ಟಿ ಸಡಿಲ ಇತ್ತು, ಯಾರು ಕಾಗದ ತೋರಿಸಲಿಲ್ಲ, ಯಾವ ಜಾಗದಲ್ಲಿ ಗಾಳಿ ಕೆಟ್ಟಿದ್ದರೂ ಹಾರಿಸಿದರು. ನಾವು ದೊಡ್ಡವರು ಅದನ್ನು ಓದಿ "ನಿನಗೆ ಯಾರು ಹೋಗು ಅಂದರು" ಅಂತ ಗದರಿಸಿದರೆ, ಈ ಮುದುಕನ ಹೆಸರು ಹೇಳಿ ಬಾಯಿ ಮುಚ್ಚಿಸಿ. ನಿಮ್ಮ ನಂತರ ಅಲ್ಲಿಗೆ ಹೋಗುವ ಹುಡುಗ ಹುಡುಗಿಯರಿಗೆ ಫೋಟೋಕ್ಕಿಂತ ಆ ಎರಡು ಸಾಲು ಬೇಕು.