ಮರುಭೂಮಿಗೆ ಬೇಲಿ ಹಾಕಿದವರು ಯಾರು?

ಅರಬ್ ದೇಶಗಳ ಗಡಿಗಳ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಕುವೈತ್, ಇರಾಕ್, ಸೌದಿ ಅರೇಬಿಯಾಗಳ ಗಡಿಯನ್ನು ಬ್ರಿಟಿಷ್ ಅಧಿಕಾರಿಯೊಬ್ಬರು ಕೆಂಪು ಪೆನ್ಸಿಲಿನಲ್ಲಿ ಗೀಚಿಬಿಟ್ಟರಂತೆ. ನಿಜವೇ, ಕಟ್ಟುಕಥೆಯೇ?
— ಪದವಿ ವಿದ್ಯಾರ್ಥಿ, ಧಾರವಾಡ

ಉತ್ತರ: ಗಡಿ ಹಾಕಿದ್ದು ನಿಜ. ಕಥೆಗೆ ಒಂದಿಷ್ಟು ಉಪ್ಪುಖಾರ ಬಿದ್ದಿರಬಹುದು. 1922ರ ಕೊನೆಯಲ್ಲಿ ಕೊಲ್ಲಿ ತೀರದ ಉಕೈರ್ ಎಂಬಲ್ಲಿ ಡೇರೆ ಹೂಡಿ ಸಭೆ ಸೇರಿದರು. ಮುಂದೆ ಸೌದಿ ಅರೇಬಿಯಾದ ಭಾಗವಾದ ನಜ್ದ್‌ನ ಸುಲ್ತಾನ ಇಬ್ನ್ ಸೌದ್ ಖುದ್ದಾಗಿ ಬಂದಿದ್ದರು. ಇರಾಕಿನ ಪರ ಸಚಿವ ಸಬೀಹ್ ಬೇಗ್ ಇದ್ದರು. ಕುವೈತಿನ ಪರ ಮಾತಾಡಲು ಕುವೈತಿನವರೇ ಇರಲಿಲ್ಲ; ಅಲ್ಲಿನ ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ಮೇಜರ್ ಮೋರ್ ಕುಳಿತಿದ್ದರು. ಎಲ್ಲರ ಮೇಲೆ ಇರಾಕಿನ ಬ್ರಿಟಿಷ್ ಹೈಕಮಿಷನರ್ ಸರ್ ಪರ್ಸಿ ಕಾಕ್ಸ್.

ಐದು ದಿನ ಹಗ್ಗಜಗ್ಗಾಟ ನಡೆಯಿತು. ಆರನೆಯ ದಿನ ಕಾಕ್ಸ್ ತಾಳ್ಮೆಗೆಟ್ಟು ಸುಲ್ತಾನರನ್ನು ಶಾಲೆಯ ಹುಡುಗನಂತೆ ಗದರಿಸಿ, ಕೆಂಪು ಪೆನ್ಸಿಲ್ ಹಿಡಿದು ನಕ್ಷೆಯ ಮೇಲೆ ಗೆರೆ ಎಳೆದರು ಎಂದು ಅಲ್ಲಿದ್ದ ಬ್ರಿಟಿಷ್ ಅಧಿಕಾರಿ ಹೆರಾಲ್ಡ್ ಡಿಕ್ಸನ್ ಬರೆದಿದ್ದಾರೆ. ಅವರ ಪುಸ್ತಕ ಬಂದದ್ದು 1956ರಲ್ಲಿ, ಅಂದರೆ 34 ವರ್ಷಗಳ ನಂತರ. ಅದರ ಪ್ರತಿ ಮಾತನ್ನೂ ಸಾಕ್ಷ್ಯವೆಂದು ಹಿಡಿಯುವುದು ಬೇಡ. ಆದರೆ ಡಿಸೆಂಬರ್ 2ರಂದು ಸಹಿಯಾದ ಒಪ್ಪಂದದ ಫಲದಲ್ಲಿ ಅನುಮಾನವಿಲ್ಲ. ನಜ್ದ್ ತನ್ನದೆಂದ ನೆಲದಲ್ಲಿ ದೊಡ್ಡ ಪಾಲು ಇರಾಕಿಗೆ ಹೋಯಿತು. ಅದನ್ನು ಸರಿದೂಗಿಸಲು ಕುವೈತ್ ತನ್ನದೆಂದುಕೊಂಡಿದ್ದ ನೆಲದ ಮೂರರಲ್ಲಿ ಎರಡು ಪಾಲಿನಷ್ಟನ್ನು ನಜ್ದ್‌ಗೆ ಕೊಟ್ಟರು. ಕುವೈತಿನ ಶೇಖ್ ಅಹ್ಮದರಿಗೆ ಸುದ್ದಿ ಮುಟ್ಟಿದ್ದು ಎಲ್ಲ ಮುಗಿದ ಮೇಲೆ.

ಪ್ರಶ್ನೆ: ಮಗ ಕುವೈತಿನಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ಹಿಂದೆ ನಮ್ಮ ರೂಪಾಯಿಯೇ ನಡೆಯುತ್ತಿತ್ತಂತೆ. ಹಾಗಾದರೆ ಈ ಗಡಿ ವ್ಯವಹಾರದಲ್ಲಿ ಭಾರತದ ಪಾತ್ರವೂ ಇತ್ತೇ?
— ನಿವೃತ್ತ ಶಿಕ್ಷಕ, ಮೂಡುಬಿದಿರೆ

ಉತ್ತರ: ಇತ್ತು, ಆದರೆ ಅದು ಬ್ರಿಟಿಷರ ಭಾರತ ಸರ್ಕಾರದ ಪಾತ್ರ. ಕೊಲ್ಲಿಯ ರಾಜಕೀಯ ವ್ಯವಹಾರ ನೋಡುತ್ತಿದ್ದ ಇರಾನಿನ ಬುಶಹರ್‌ನ ಬ್ರಿಟಿಷ್ ರೆಸಿಡೆಂಟ್ ಮೊದಲು ಬೊಂಬಾಯಿಗೆ, ಆಮೇಲೆ ಭಾರತ ಸರ್ಕಾರಕ್ಕೆ ಅಧೀನ. ಕಾಕ್ಸ್ ಕೂಡ ಆ ಹುದ್ದೆಯಲ್ಲಿದ್ದವರೇ. 1899ರಲ್ಲಿ ಕುವೈತಿನ ಶೇಖ್ ಮುಬಾರಕ್, ಬ್ರಿಟಿಷರ ಒಪ್ಪಿಗೆಯಿಲ್ಲದೆ ಬೇರೆ ಯಾವ ರಾಜ್ಯಕ್ಕೂ ನೆಲ ಮಾರುವುದಿಲ್ಲ, ಗುತ್ತಿಗೆ ಕೊಡುವುದಿಲ್ಲ ಎಂದು ಬರೆದುಕೊಟ್ಟಾಗ ಪ್ರತಿಯಾಗಿ ಸಿಕ್ಕಿದ್ದು 15,000 ರೂಪಾಯಿ. ಹೀಗೆ ಬ್ರಿಟಿಷರ ಒಪ್ಪಿಗೆಗೆ ಕಟ್ಟುಬಿದ್ದಿದ್ದ ಕುವೈತ್‌ಗೆ ಉಕೈರಿನಲ್ಲಿ ತನ್ನದೇ ಬಾಯಿ ಇರಲಿಲ್ಲ. ರೂಪಾಯಿಯ ವಿಷಯದಲ್ಲಿ ನೀವು ಕೇಳಿದ ಮಾತು ಸರಿ. ಕುವೈತ್ ಸ್ವಂತ ದಿನಾರ್ ತಂದದ್ದು 1961ರಲ್ಲಿ. ಕೊಲ್ಲಿಯ ಇನ್ನು ಕೆಲವು ಕಡೆ 1966ರವರೆಗೂ ಭಾರತ ಮುದ್ರಿಸಿದ ರೂಪಾಯಿ ನಡೆಯಿತು.

ಪ್ರಶ್ನೆ: ಹಳೆಯ ಅಟ್ಲಾಸಿನಲ್ಲಿ ‘ತಟಸ್ಥ ವಲಯ’ ಎಂದು ಎರಡು ಕಡೆ ಬರೆದಿದೆ. ಯಾರಿಗೂ ಸೇರದ ನೆಲವೇ ಅದು?
— ಗೃಹಿಣಿ, ಹಾಸನ

ಉತ್ತರ: ಯಾರಿಗೂ ಸೇರದ್ದಲ್ಲ, ಇಬ್ಬರಿಗೂ ಸೇರಿದ್ದು. ಗಡಿ ಎಂದರೆ ಗೆರೆ ಎಂಬ ಲೆಕ್ಕ ಕಾಕ್ಸರದು. ಕುಲಗಳು ಎಲ್ಲಿ ಒಂಟೆ ಮೇಯಿಸುತ್ತವೋ, ಯಾವ ಬಾವಿಯ ನೀರು ಕುಡಿಯುತ್ತವೋ ಅಲ್ಲಿಯವರೆಗೆ ತನ್ನ ರಾಜ್ಯ ಎಂಬ ಲೆಕ್ಕ ಇಬ್ನ್ ಸೌದರದು. ಮಳೆ ಬಿದ್ದತ್ತ ನಡೆಯುವ ಬದೂಯಿನರಿಗೆ ಒಂದೇ ಗೆರೆ ಸಾಲದೆಂದು ಇರಾಕ್–ನಜ್ದ್ ನಡುವೆ ಒಂದು, ಕುವೈತ್–ನಜ್ದ್ ನಡುವೆ ಇನ್ನೊಂದು ವಲಯ ಬಿಟ್ಟರು. ಗಡಿಯ ಸಮೀಪದ ಬಾವಿಗಳ ಬಳಿ ಕೋಟೆ ಕಟ್ಟಬಾರದೆಂಬ ಷರತ್ತೂ ಇತ್ತು. ಸಮೀಪ ಎಂದರೆ ಎಷ್ಟು ಮೈಲಿ ಎಂದು ಬರೆಯಲಿಲ್ಲ. ಇರಾಕ್ ಬುಸಯ್ಯಾ ಬಾವಿಯ ಬಳಿ ಪೊಲೀಸ್ ಠಾಣೆ ಕಟ್ಟತೊಡಗಿದಾಗ, 1927ರ ನವೆಂಬರಿನಲ್ಲಿ ನಜ್ದ್‌ನ ಮುತೈರ್ ಕುಲದವರು ಅದರ ಮೇಲೆ ಬಿದ್ದರು. ಕುವೈತ್ ಕಡೆಯ ವಲಯದಲ್ಲಿ 1953ರಲ್ಲಿ ತೈಲ ಸಿಕ್ಕಿತು. 1965ರ ಒಪ್ಪಂದದಂತೆ ಎರಡು ದೇಶಗಳೂ ನೆಲ ಹಂಚಿಕೊಂಡವು. ತೈಲ ಮಾತ್ರ ಇಂದಿಗೂ ಸಮಪಾಲು.

ಪ್ರಶ್ನೆ: ಸೌದಿ–ಜೋರ್ಡಾನ್ ಗಡಿ ಒಂದೆಡೆ ಸೊಟ್ಟಗೆ ತಿರುಗಿದೆ. ಊಟವಾದ ಮೇಲೆ ಗೆರೆ ಎಳೆಯುತ್ತಿದ್ದ ಚರ್ಚಿಲ್‌ಗೆ ಬಿಕ್ಕಳಿಕೆ ಬಂದು ಕೈ ಜಾರಿತು ಎನ್ನುವುದು ನಿಜವೇ?
— ಬ್ಯಾಂಕ್ ನೌಕರ, ಶಿವಮೊಗ್ಗ

ಉತ್ತರ: ಕೇಳಲು ಚೆಂದ, ನಿಜವಲ್ಲ. ಆ ಗಡಿ ಬಂದದ್ದು 1925ರ ನವೆಂಬರ್ 2ರ ಹದ್ದಾ ಒಪ್ಪಂದದಿಂದ. ಇಬ್ನ್ ಸೌದರ ಎದುರು ಕುಳಿತು ಮಾತಾಡಿದವರು ಬ್ರಿಟನ್ನಿನ ಸರ್ ಗಿಲ್ಬರ್ಟ್ ಕ್ಲೇಟನ್. ಚರ್ಚಿಲ್ ಆಗ ಲಂಡನ್ನಿನಲ್ಲಿ ಹಣಕಾಸು ಮಂತ್ರಿ. ಕಾಫ್ ಎಂಬ ಹಳ್ಳಿ ಮತ್ತು ವಾದಿ ಸಿರ್ಹಾನ್ ಕಣಿವೆಯ ಬಹುಪಾಲು ಇಬ್ನ್ ಸೌದರಿಗೆ ಸಿಕ್ಕಿತು. ಬದಲಿಗೆ ಜೋರ್ಡಾನನ್ನೂ ಇರಾಕನ್ನೂ ಕೂಡಿಸುವ ನೆಲದ ಪಟ್ಟಿಯನ್ನು ಬ್ರಿಟಿಷರು ಉಳಿಸಿಕೊಂಡರು. ನಜ್ದ್ ಮತ್ತು ಫ್ರೆಂಚರ ಸಿರಿಯಾ ನೇರ ನೆರೆಯಾಗದಂತೆ ನೋಡಿಕೊಂಡರು. ಆ ಸೊಟ್ಟು ಚೌಕಾಶಿಯ ಗುರುತು. 1965ರಲ್ಲಿ ಎರಡೂ ದೇಶಗಳು ನೆಲ ಬದಲಾಯಿಸಿಕೊಂಡಾಗ ಜೋರ್ಡಾನಿಗೆ ಅಕಬಾ ಬಳಿ ಸುಮಾರು 19 ಕಿ.ಮೀ. ಕಡಲ ತೀರ ಹೆಚ್ಚಿಗೆ ದಕ್ಕಿತು.

ಪ್ರಶ್ನೆ: ನಮ್ಮಲ್ಲಿ ಪಹಣಿ ಇದೆ. ಮರಳುಗಾಡು ತನ್ನದೆಂದು ಒಂದು ದೇಶ ಏನನ್ನು ತೋರಿಸಿ ವಾದಿಸುತ್ತದೆ?
— ವಕೀಲರು, ಬಳ್ಳಾರಿ

ಉತ್ತರ: ಜಕಾತ್, ಅಂದರೆ ಇಸ್ಲಾಮಿನ ಧಾರ್ಮಿಕ ತೆರಿಗೆ, ವಸೂಲಿಯ ಲೆಕ್ಕ ತೋರಿಸಿ. ಬುರೈಮಿ ಓಯಸಿಸ್ ವ್ಯಾಜ್ಯ ಇದಕ್ಕೆ ಒಳ್ಳೆಯ ಉದಾಹರಣೆ. ಅಬುಧಾಬಿ, ಮಸ್ಕತ್, ಸೌದಿ ಮೂವರಿಗೂ ಅದು ಬೇಕಿತ್ತು. ತೈಲದ ಆಸೆಯೂ ಇತ್ತು. 1952ರಲ್ಲಿ ಸೌದಿಯ ಸಣ್ಣ ತಂಡವೊಂದು ಅಲ್ಲಿನ ಹಮಾಸಾ ಹಳ್ಳಿಯಲ್ಲಿ ಬೀಡುಬಿಟ್ಟಿತು. ಈ ಕುಲಗಳು ನಮಗೆ ಜಕಾತ್ ಕೊಟ್ಟಿವೆ, ಆದ್ದರಿಂದ ನೆಲ ನಮ್ಮದು ಎಂದಿತು ಸೌದಿ. ಜಕಾತ್ ಕೊಟ್ಟ ಮಾತ್ರಕ್ಕೆ ಒಡೆತನ ಬರುವುದಿಲ್ಲ ಎಂದಿತು ಅಬುಧಾಬಿ, ಮಸ್ಕತ್ ಪರ ನಿಂತ ಬ್ರಿಟನ್. ವ್ಯಾಜ್ಯ ಮಧ್ಯಸ್ಥಿಕೆಗೆ ಹೋಯಿತು. 1955ರ ಸೆಪ್ಟೆಂಬರಿನಲ್ಲಿ ಜಿನೀವಾದ ಮಧ್ಯಸ್ಥಿಕೆ ಮಂಡಳಿಯ ಬ್ರಿಟಿಷ್ ಸದಸ್ಯ ಸರ್ ರೀಡರ್ ಬುಲ್ಲರ್ಡ್ ರಾಜೀನಾಮೆ ಕೊಟ್ಟರು. ಸೌದಿ ಲಂಚ ಹಂಚುತ್ತಿದೆ ಎಂಬುದು ಬ್ರಿಟನ್ನಿನ ಆರೋಪ. ತೀರ್ಪು ಬರಲೇ ಇಲ್ಲ. ಅಕ್ಟೋಬರ್ 26ರಂದು ಬ್ರಿಟಿಷ್ ನಾಯಕತ್ವದ ಪಡೆ ಓಯಸಿಸನ್ನು ವಶಪಡಿಸಿಕೊಂಡಿತು. ಇಂದು ಅದರ ಒಂದು ಭಾಗ ಯುಎಇಯ ಅಲ್ ಐನ್, ಇನ್ನೊಂದು ಒಮಾನಿನ ಬುರೈಮಿ.

ಪ್ರಶ್ನೆ: ಗಡಿ 1922–23ರಲ್ಲೇ ಆಗಿದ್ದರೆ 1990ರಲ್ಲಿ ಇರಾಕ್ ಕುವೈತನ್ನು ನುಂಗಲು ಹೋದದ್ದೇಕೆ? ತಪ್ಪು ಬ್ರಿಟಿಷರದ್ದಲ್ಲವೇ?
— ಇತಿಹಾಸ ಉಪನ್ಯಾಸಕಿ, ಮೈಸೂರು

ಉತ್ತರ: ಇರಾಕ್–ಕುವೈತ್ ಗಡಿಯನ್ನು ಕಾಕ್ಸ್ 1923ರ ಏಪ್ರಿಲಿನಲ್ಲಿ ಪತ್ರದಲ್ಲಿ ವಿವರಿಸಿದರು. ಇರಾಕಿನ ಸಫ್ವಾನ್ ಊರಿನ ಬಾವಿಗಳ ತುಸು ದಕ್ಷಿಣಕ್ಕೆ ಗಡಿ ಹೋಗುತ್ತದೆ ಎಂಬುದು ಅದರ ಸಾರ. ತುಸು ಎಂದರೆ ಎಷ್ಟು? ಮೇಜರ್ ಮೋರ್ ಸಫ್ವಾನಿನ ತೆಂಕಣ ತುದಿಯ ಖರ್ಜೂರದ ಮರದಿಂದ ಒಂದು ಮೈಲಿ ದೂರ ಅಳೆದು ಫಲಕ ನೆಡಿಸಿದರು. 1939ರಲ್ಲಿ ಫಲಕ ಮಾಯವಾಯಿತು. ಮರುವರ್ಷ ಹೊಸದನ್ನು ನೆಟ್ಟರೆ ಜಾಗ ಸರಿಯಿಲ್ಲವೆಂದು ಇರಾಕ್ ತಕರಾರು ತೆಗೆಯಿತು. ಹೊಸ ಮರ ಬೆಳೆದು, ಹಳೆಯದು ಸಾಯುತ್ತಿದ್ದ ಊರಿನಲ್ಲಿ ‘ತುದಿಯ ಮರ’ ಯಾವುದೆಂದು ಯಾರು ಹೇಳಬೇಕು?

ಇಷ್ಟಾದರೂ 1990ರ ಹೊಣೆಯನ್ನು ಮರದ ಮೇಲೋ ಕಾಕ್ಸರ ಮೇಲೋ ಹಾಕುವಂತಿಲ್ಲ. 1932ರಲ್ಲಿ ಇರಾಕಿನ ಪ್ರಧಾನಿ ನೂರಿ ಅಲ್ ಸಯೀದ್ ಅದೇ ಗಡಿಯನ್ನು ಪತ್ರದಲ್ಲಿ ಒಪ್ಪಿದ್ದರು. 1963ರಲ್ಲಿ ಇರಾಕ್ ಮತ್ತೆ ಒಪ್ಪಿ ಸಹಿ ಹಾಕಿತು. ಸದ್ದಾಂ ಹುಸೇನ್ ಗಡಿ ತಿದ್ದಲು ಹೋಗಲಿಲ್ಲ, ಇಡೀ ದೇಶವನ್ನೇ ಕಬಳಿಸಲು ಹೋದರು. ಬ್ರಿಟಿಷರ ತಪ್ಪು ಬೇರೆ: ಆ ನೆಲದವರನ್ನು ಕೇಳದೆ ಗಡಿ ಹಾಕಿದರು, ಹಾಕಿದ್ದನ್ನು ಅಳೆದು ಕಲ್ಲು ನೆಡದೆ ಎದ್ದುಹೋದರು. ಆ ಕೆಲಸ ಮುಗಿದದ್ದು 1993ರಲ್ಲಿ. ವಿಶ್ವಸಂಸ್ಥೆಯ ಆಯೋಗ ನೆಲ ಅಳೆದು 106 ಗಡಿಗಂಬ ನೆಟ್ಟಿತು. 1994ರ ನವೆಂಬರಿನಲ್ಲಿ ಇರಾಕ್ ಅದನ್ನು ಒಪ್ಪಿಕೊಂಡಿತು.