ಕಟ್ಟೆಗೆ ಬಾರದವರ ಮಾತು

ತಮ್ಮಾ, ಬದುವಿನ ಜಗಳವನ್ನೂ ಮೊಬೈಲಿನ ಕೃತಕ ಬುದ್ಧಿಮತ್ತೆಗೆ ಹೇಳಿ ತೀರ್ಪು ಕೇಳುವ ಕಾಲ ನಮ್ಮೂರು ಉಜ್ಜಿನಿಗೂ ಬಂದಿದೆ. ಅದನ್ನು ಮುಟ್ಟಬೇಡಿ ಎನ್ನುವವನು ನಾನಲ್ಲ. ಆದರೆ ತೀರ್ಪು ಕೇಳುವ ಮೊದಲು, ಯಾರ ಮಾತು ಇನ್ನೂ ಕಿವಿಗೆ ಬಿದ್ದಿಲ್ಲವೆಂದು ನೋಡಿ.

2020ರಲ್ಲಿ ಯುದ್ಧದಿಂದ ನಲುಗಿದ್ದ ಲಿಬಿಯಾದಲ್ಲಿ ವಿಶ್ವಸಂಸ್ಥೆಯ ಪ್ರತಿನಿಧಿ ಸ್ಟೆಫನಿ ವಿಲಿಯಮ್ಸ್ ಸುಮಾರು ಸಾವಿರ ಜನರೊಂದಿಗೆ ಒಟ್ಟಿಗೇ ಅಂತರ್ಜಾಲದಲ್ಲಿ ಮಾತಾಡಿದರು. ಜನ ತಮ್ಮ ಆಡುನುಡಿಯಲ್ಲೇ ಉತ್ತರಿಸಿದರು; ಎಲ್ಲಿ ಒಮ್ಮತವಿದೆ, ಎಲ್ಲಿ ಒಡಕಿದೆ ಎಂದು ಕೃತಕ ಬುದ್ಧಿಮತ್ತೆಯ ಯಂತ್ರ ವಿಂಗಡಿಸಿ ತೋರಿಸಿತು. ಅದೇ ವರ್ಷದ ಅಕ್ಟೋಬರ್ 23ರಂದು ಜಿನೀವಾದಲ್ಲಿ ಕದನವಿರಾಮಕ್ಕೆ ಸಹಿ ಹಾಕಿದ್ದು ಮಾತ್ರ ಯಂತ್ರವಲ್ಲ, ಎರಡೂ ಕಡೆಯ ಸೇನಾಧಿಕಾರಿಗಳೇ.

ನಮ್ಮ ಪಂಚಾಯ್ತಿ ಕಟ್ಟೆಗಳ ಬಗ್ಗೆ ನನಗೆ ಅಭಿಮಾನವಿದೆ. ಕೋರ್ಟಿಗೆ ಅಲೆದು ಹೊಲ ಕಳೆದುಕೊಳ್ಳಬೇಕಿದ್ದ ಎಷ್ಟೋ ಮನೆಗಳನ್ನು ಅವು ಉಳಿಸಿವೆ. ಆದರೆ ಅಲ್ಲಿ ಕೂತವರು ಗಂಡಸರು, ಹೊಲವಿದ್ದವರು. ಕೂಲಿಯವರು, ದಲಿತ ಕೇರಿಯವರು ದೂರ ನಿಂತೇ ಕೇಳಿದರು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಬಂತು. ಆದರೂ ‘ಅಣ್ಣಂದಿರ ಮನಸ್ಸು ಮುರೀಬೇಡವ್ವಾ’ ಎಂದು ತಂಗಿಯಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದು ನಿಂತಿಲ್ಲ. ಅದನ್ನು ರಾಜಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆ ತಂಗಿ ಗಂಡನ ಮನೆಯಲ್ಲಿ ಕೂತು ತನ್ನ ಮಾತಿನಲ್ಲೇ ದೂರು ಹೇಳಲಿ, ಯಂತ್ರ ಬರೆದುಕೊಳ್ಳಲಿ. ಇಂಗ್ಲಿಷಿನ ಆದೇಶವಿದ್ದರೆ ಕನ್ನಡದಲ್ಲಿ ತಿಳಿಸಿಕೊಡಲಿ. ಆದರೆ ಹೆಸರು, ಸರ್ವೆ ನಂಬರು, ಮನೆಯ ಗುಟ್ಟು ಅದಕ್ಕೆ ಕೊಡಬೇಡಿ. ಅದು ತೋರಿಸಿದ ಕಾನೂನನ್ನು ಕೂಡ್ಲಿಗಿಯಲ್ಲೋ ಕೊಟ್ಟೂರಿನಲ್ಲೋ ಬಲ್ಲ ವಕೀಲರಿಗೆ ಒಮ್ಮೆ ತೋರಿಸಿ. ಇಲ್ಲದ ತೀರ್ಪನ್ನೂ ಅದು ಇದ್ದಂತೆಯೇ ಹೇಳಿಬಿಡುತ್ತದೆ.

ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು ಎನ್ನುತ್ತಾರಲ್ಲ, ಜಗಳಕ್ಕೂ ಒಳಗೊಂದಿರುತ್ತದೆ. ಬದು ಎಲ್ಲಿದೆ ಎಂದು ಪಹಣಿ, ನಕಾಶೆ ನೋಡಿ ಅಳೆದು ಹೇಳಬಹುದು. ಅಪ್ಪನ ಮಣ್ಣಿಗೆ ತಮ್ಮ ಏಕೆ ಬರಲಿಲ್ಲ ಎಂಬುದು ಆ ಕಾಗದದಲ್ಲೂ ಇಲ್ಲ, ಯಂತ್ರಕ್ಕೂ ತಿಳಿಯದು. ಅದನ್ನು ಎದುರು ಕೂತು ಕೇಳಬೇಕು, ಸಿಟ್ಟಿನ ಮಾತನ್ನೂ ತಾಳಿಕೊಳ್ಳಬೇಕು. ಕೇರಳ ಹೈಕೋರ್ಟು 2025ರ ಜುಲೈನಲ್ಲಿ, ತೀರ್ಪಿಗೆ ಬರಲು ಕೃತಕ ಬುದ್ಧಿಮತ್ತೆಯನ್ನು ಬಳಸಕೂಡದೆಂದು ಜಿಲ್ಲಾ ನ್ಯಾಯಾಲಯಗಳಿಗೆ ನಿಯಮ ಮಾಡಿದೆ. ನನಗದು ಸರಿ ಕಾಣುತ್ತದೆ. ತಪ್ಪು ತೀರ್ಪು ಕೊಟ್ಟವರನ್ನು ನಾಳೆ ದಾರಿಯಲ್ಲಿ ನಿಲ್ಲಿಸಿ ಕೇಳುವಂತಿರಬೇಕು.

ಊರಿನ ನೆಮ್ಮದಿಗೆ ತಟ್ಟುವ ಜಗಳಕ್ಕೆ, ಎರಡೂ ಕಡೆಯವರು ಒಪ್ಪಿದರೆ, ಮೂವರು ಮಧ್ಯಸ್ಥರನ್ನು ಕೂರಿಸುವ ದಾರಿಯನ್ನು 2023ರ ಮಧ್ಯಸ್ಥಿಕೆ ಕಾಯ್ದೆ ತೋರಿಸಿದೆ. ಹಾಗೆ ಕೂರುವಾಗ ಮೂವರಲ್ಲಿ ಒಬ್ಬ ಹೆಣ್ಣುಮಗಳಾದರೂ ಇರಲಿ. ರಾಜಿಪತ್ರವನ್ನು ಎಲ್ಲರೆದುರು ಗಟ್ಟಿಯಾಗಿ ಓದಿ, ಆ ತಂಗಿಯೂ ಹೂಂ ಅಂದಮೇಲೆ ಸಹಿ ಹಾಕಿಸಿ.